ಅಪ್‌ಡೇಟ್ ಆದ ಮೇಲಿನ ಲಗ್ನಪತ್ರಿಕೆ

ಇದನ್ನು ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಎರಡು ಮದುವೆ ಸೀಸನ್ ದಾಟಿಸಿದೆ. ಮೊದಲ ವರ್ಷ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಬರೆಯಬಾರದು ಅಂದಿದ್ದರು. ಮರುವರ್ಷ ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದುದರಿಂದ ಬೇರೆ ನೆಪ ಹುಡುಕಬೇಕಾಯಿತು. ನೆಪದ ವಿಷಯದಲ್ಲಿ ನಾನು ಬಡವನಲ್ಲ. ಈಗ ಹೇಳಹೊರಟಿರುವುದೂ ಒಂದು ನೆಪದ ಸಂಗತಿಯೇ. ಅದನ್ನು ನನಗೆ ಒದಗಿಸಿದ್ದು ಒಂದು ಲ್ಯಾಪ್‌ಟಾಪ್.

ನಂಜನಗೂಡಿನ ಬಜಾರಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸಿದೆ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಅಚ್ಚಿನ ಮೊಳೆ ಜೋಡಿಸಲು ಕೂತವನು ನಾನು. ಮೊಳೆ ಹೋಯಿತು, ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ನಾನು ಮಾತ್ರ ಅದೇ ಕುರ್ಚಿಯಲ್ಲಿ ಉಳಿದೆ. ನಮ್ಮಲ್ಲಿ ಆಗುವುದು ಬಹುಪಾಲು ಕಾರ್ಡಿನ ಕೆಲಸ: ನಾಮಕರಣ, ಗೃಹಪ್ರವೇಶ, ಮದುವೆ, ಶಿವಗಣಾರಾಧನೆ. ಸುತ್ತಲ ಹಳ್ಳಿಯವರು ಹುಟ್ಟುವುದಕ್ಕೂ ಸಾಯುವುದಕ್ಕೂ ನಮ್ಮ ಮೆಟ್ಟಿಲು ಹತ್ತಲೇಬೇಕು ಎಂದು ಜಂಬ ಕೊಚ್ಚುತ್ತಿದ್ದೆ. ಹತ್ತಿ ಬಂದವರ ಕೆಲಸ ಮಾಡಿಕೊಡುತ್ತಿದ್ದುದು ನನ್ನ ಸೊಸೆ. ಹೆಡತಲೆ ಎಂಬ ಊರಿನ ಹುಡುಗಿ, ಬಿ.ಕಾಂ. ಓದಿದ್ದಳು. ಮಗನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಪ್ರೆಸ್ಸಿನ ಶಾಯಿ ವಾಸನೆಯೇ ಅವನಿಗೆ ಆಗದು. ಮದುವೆಯಾಗಿ ಬಂದ ವರ್ಷವೇ ಇವಳು ಅಂಗಡಿಯಲ್ಲಿ ಕೂತಳು. ಅವಳು ಲ್ಯಾಪ್‌ಟಾಪಿನಲ್ಲಿ ಜೋಡಿಸುತ್ತಾಳೆ, ಪ್ರೂಫ್ ತೆಗೆಯುತ್ತಾಳೆ, ತಿದ್ದುತ್ತಾಳೆ. ನಾನು ಕನ್ನಡಕ ಒರೆಸಿಕೊಳ್ಳುತ್ತಾ ಯಜಮಾನನಾಗಿರುತ್ತೇನೆ.

ಇದೆಲ್ಲ ನಡೆದ ವರ್ಷ ಹೆಮ್ಮಿಗೆ ಊರಿನಿಂದ ನನ್ನ ಸ್ನೇಹಿತನೊಬ್ಬ ಮಗಳ ಮದುವೆಯ ಕಾರ್ಡು ಮಾಡಿಸಲು ಬಂದ. ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಲ್ಲಿ ಏಟು ತಿಂದವರು. ಸೊಸೆ ಪ್ರೂಫ್ ತೆಗೆದುಕೊಟ್ಟಳು. ಅವನು ಹುಡುಗಿಯ ಹೆಸರು ಓದಲಿಲ್ಲ, ಮುಹೂರ್ತ ಓದಲಿಲ್ಲ, ನೇರವಾಗಿ ಕೆಳಗಿನ ಸುಖಾಗಮನ ಬಯಸುವವರ ಪಟ್ಟಿಗೆ ಹೋದ. ನಮ್ಮ ಕಡೆ ಎಲ್ಲರೂ ಹಾಗೆಯೇ. ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ತನ್ನ ಹೆಸರಿನ ಕೆಳಗೆ ಒಂದು ಬಾಣ ಎಳೆದು, ತಮ್ಮನ ಹೆಸರು ಬರೆದ.

ನನಗೆ ಆಶ್ಚರ್ಯವಾಯಿತು. ಅಣ್ಣ ತಮ್ಮಂದಿರು ಪಾಲಾದಾಗ ದನದ ಕೊಟ್ಟಿಗೆಯ ನಡುಗೋಡೆಗೆ ಕಿತ್ತಾಡಿ ಮಾತು ಬಿಟ್ಟಿದ್ದರು. ತಮ್ಮ ಊರು ಬಿಟ್ಟು ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಬೀಜ, ಗೊಬ್ಬರದ ಅಂಗಡಿ ಇಟ್ಟ. ತನ್ನ ಮಗನ ಮದುವೆ ಕಾರ್ಡಿನಲ್ಲಿ ಅಣ್ಣನ ಹೆಸರು ಹಾಕಿಸಲಿಲ್ಲ. ಅಣ್ಣ ಆ ಮದುವೆಗೆ ಹೋಗಲಿಲ್ಲ.

“ಅವ್ನ್ ಎಸ್ರು ಆಕ್ಬುಟ್ರೆ ಬತ್ತನೇನ್ಲಾ?” ಎಂದೆ.

“ಬರ್ದೇ ಏನ್ಮಾಡನು? ಕಾರ್ಡಲ್ಲಿ ಎಸ್ರಿದ್ರೆ ಮನೆಯೋನು, ಇಲ್ದೇ ಬಂದ್ರೆ ಉಣ್ಣಕ್ ಬಂದೋನು. ಅವ್ನು ನನ್ ಎಸ್ರು ಬುಟ್ಟ, ನಾನು ಬುಡಕ್ಕಿಲ್ಲ. ನಾನೇ ಸೋಲ್ತೀನಿ ಬುಡ್ಲಾ. ಒಡುಟ್ಟಿದೋನು ಪಕ್ಕದಲ್ಲಿಲ್ದೆ ಮಗಳ ಧಾರೆ ಎರೆಯದಾ?”

ಸೊಸೆ ಅವನ ಕಣ್ಣೆದುರಿಗೇ ಆ ಹೆಸರು ಸೇರಿಸಿ, ಇನ್ನೊಂದು ಪ್ರೂಫ್ ತೆಗೆದು ತೋರಿಸಿದಳು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮನನ್ನೇ ಎದುರಿಗೆ ಕಂಡವನಂತೆ, “ದಪ್ಪ ಆಗವ್ನೆ ನನ್ಮಗ” ಎಂದು ನಕ್ಕ.

ಈಗ ಲ್ಯಾಪ್‌ಟಾಪಿಗೆ ಬರುತ್ತೇನೆ. ಕೆಲವು ತಿಂಗಳಿಂದ ಅದರ ಮೂಲೆಯಲ್ಲಿ ಒಂದು ಚೀಟಿ ತಲೆಯೆತ್ತುತ್ತಿತ್ತು. ನಿಮ್ಮ ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಸಿದ್ಧವಾಗಿದೆ, ಈಗಲೇ ಹಾಕಲೇ, ಆಮೇಲೆ ಹಾಕಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಮನೆಯಲ್ಲಿ ಇಷ್ಟು ವಿನಯವಾಗಿ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಸೊಸೆ ಪ್ರತಿಸಲವೂ ಆಮೇಲೆ ಎಂಬುದನ್ನೇ ಒತ್ತುತ್ತಿದ್ದಳು.

“ಮಾವ, ಇದು ದೊಡ್ಡ ಅಪ್‌ಡೇಟು, ಇಡೀ ಸಿಸ್ಟಮ್ಮೇ ಬದಲಾಗುತ್ತೆ. ನಮ್ಮ ಕನ್ನಡ ಫಾಂಟ್ ಹಳೇದು, ಪ್ರಿಂಟರ್ ಅದಕ್ಕಿಂತ ಹಳೇದು. ಸೀಸನ್ ಮುಗೀಲಿ, ನಿಧಾನವಾಗಿ ನೋಡಣ. ನೀವು ಮಾತ್ರ ಒತ್ಬೇಡಿ.”

ನೀವು ಮಾತ್ರ ಎಂದಳಲ್ಲ, ಆ ಮಾತು ಹಲ್ಲಿನ ಸಂದಿಯ ಅಡಕೆ ಚೂರಿನ ಹಾಗೆ ಉಳಿದುಬಿಟ್ಟಿತು.

ಅವಳ ತಾಯಿ ಕಾಲು ಉಳುಕಿಸಿಕೊಂಡರೆಂದು ಸೊಸೆ ಹೆಡತಲೆಗೆ ಹೋದಳು. ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬನೇ. ಚೀಟಿ ಬಂತು. ಈಗಲೇ, ಆಮೇಲೆ. ಎಪ್ಪತ್ತು ದಾಟಿದವನಿಗೆ ಆಮೇಲೆ ಎಂದು ಹೇಳುವ ಧೈರ್ಯ ಯಾವ ಕಂಪ್ಯೂಟರಿಗೂ ಇರಬಾರದು ಅನ್ನಿಸಿತು. ಈಗಲೇ ಎಂಬುದನ್ನು ಒತ್ತಿದೆ.

ಪರದೆ ನೀಲಿಯಾಯಿತು. ಚುಕ್ಕೆಗಳು ಸುತ್ತತೊಡಗಿದವು. ಯಂತ್ರವನ್ನು ಆರಿಸಬೇಡಿ ಎಂದು ಬರೆದಿತ್ತು, ನಮ್ಮ ಬಜಾರಿನ ಕರೆಂಟಿಗೆ ಅದನ್ನು ಯಾರು ಹೇಳಬೇಕು? ಆಯುಧಪೂಜೆಯಲ್ಲಿ ಮುಚ್ಚಳಕ್ಕೆ ಇಟ್ಟ ಕುಂಕುಮ ಇನ್ನೂ ಅಂಟಿಕೊಂಡಿತ್ತು. ದೇವರ ಮೇಲೆ ಭಾರ ಹಾಕಿ ಒಂದು ಊದುಬತ್ತಿ ಹಚ್ಚಿಟ್ಟೆ. ಯಂತ್ರ ತಾನಾಗಿ ಆರಿತು, ಹತ್ತಿತು, ಮತ್ತೆ ಆರಿತು. ಬೀಡಿ ಬಿಡುತ್ತೇನೆಂದು ಆಣೆ ಹಾಕಿದವನ ಹಾಗೆ ಅದಕ್ಕೆ ಒಂದು ನಿರ್ಧಾರ ನಿಲ್ಲಲಿಲ್ಲ. ಕೊನೆಗೆ ಯಾವುದೋ ದೇಶದ ಸರೋವರದ ಚಿತ್ರ ತೋರಿಸಿ, ನಮಸ್ಕಾರ ಎಂದಿತು.

ನಮಸ್ಕಾರದ ನಂತರ ಶುರುವಾಯಿತು. ಎಡಮೂಲೆಯಲ್ಲಿದ್ದ ಗುಂಡಿ ನಡುವೆ ಬಂದು ಕೂತಿತ್ತು. ಎಲ್ಲೋ ಬೆರಳು ತಗುಲಿ ಕ್ಯಾಮೆರಾ ತೆರೆದುಕೊಂಡು ನನ್ನ ಮುಖವನ್ನು ನನಗೇ ತೋರಿಸಿತು. ಕದ್ದು ಬೆಣ್ಣೆ ತಿಂದ ಮುದುಕನ ಮುಖ. ಪ್ರಿಂಟರಿನ ಕಡೆ ಕಳಿಸಿದರೆ, ಅಂಥವರು ಯಾರೂ ಇಲ್ಲಿಲ್ಲ ಎಂದು ಉತ್ತರ ಬಂತು. ಪಕ್ಕದಲ್ಲೇ ಇಷ್ಟು ವರ್ಷ ಬಾಳಿದವರು ಪಾಲಾದ ಮೇಲೆ ಹೀಗೆಯೇ ಹೇಳುವುದನ್ನು ಕೇಳಿದ್ದೆ, ಯಂತ್ರಗಳೂ ಕಲಿತಿವೆ ಎಂದು ಗೊತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕಾರ್ಡುಗಳಿಗೆ ಬಿದ್ದಿತ್ತು. ಯಾವ ಕಾರ್ಡು ತೆರೆದರೂ ಕನ್ನಡವೇ ಇಲ್ಲ. ಮೇಲೆ ಶ್ರೀ ಕುಲದೇವತಾ ಪ್ರಸನ್ನ ಎಂದು ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ, ಡಾಲರ್ ಗುರುತು.

ನಾಮಕರಣದ ಕಾರ್ಡು ಕೇಳಲು ಬಂದಿದ್ದ ಗಿರಾಕಿಯೊಬ್ಬ ಇಣುಕಿ ನೋಡಿ, “ಏನ್ ಸಾ, ನಮ್ ಕೂಸು ಲಂಡನ್ನಲ್ಲಿ ಉಟ್ಟದಾ?” ಎಂದ.

“ಅಪ್‌ಡೇಟ್ ಆಗ್ತಾ ಅದೆ ಕಣಪ್ಪ” ಎಂದೆ.

“ಓ, ಅಪ್‌ಡೇಟಾ” ಎಂದು ಗೌರವದಿಂದ ತಲೆಯಾಡಿಸಿ ಹೋದ. ಆ ಮಾತಿನ ಶಕ್ತಿ ನನಗೆ ಗೊತ್ತಾದದ್ದು ಆಗ. ಮುಂದೆ ಕೆಲವು ದಿನ ನಾನು ಕರೆ ಎತ್ತದೇ ಇದ್ದುದಕ್ಕೂ, ಕೊಟ್ಟ ಮಾತಿಗೆ ತಪ್ಪಿದ್ದಕ್ಕೂ, ಮಧ್ಯಾಹ್ನ ಮಲಗಿದ್ದಕ್ಕೂ ಅಪ್‌ಡೇಟೇ ಕಾರಣವಾಯಿತು. ಹಿಂದಿನವರು ಶನಿಯ ಮೇಲೆ ಹಾಕುತ್ತಿದ್ದುದನ್ನೆಲ್ಲ ಹಾಕಿದರೂ ತಡೆದುಕೊಂಡಿತು.

ಸೊಸೆ ವಾಪಸ್ಸು ಬಂದು ಲ್ಯಾಪ್‌ಟಾಪ್ ತೆರೆದಳು, ಕೊಕ್ಕೆ ಚುಕ್ಕೆಯ ಪರದೆಯನ್ನೇ ನೋಡಿದಳು.

“ಅದು ತಾನಾಗೇ ಆಗೋಯ್ತು ಕಣವ್ವ” ಎಂದೆ.

“ಕೆಲವು ಸಲ ಹಾಗೂ ಆಗುತ್ತೆ ಮಾವ” ಎಂದಳು.

ಎರಡು ದಿನ ಕೂತು ಫಾಂಟು ಹಾಕಿದಳು, ಪ್ರಿಂಟರಿಗೂ ಅದಕ್ಕೂ ರಾಜಿ ಮಾಡಿಸಿದಳು. ಆಮೇಲೆ ನನ್ನನ್ನು ಕರೆದು ಹೇಳಿದಳು: “ಮಾವ, ಕಾರ್ಡುಗಳೆಲ್ಲ ವಾಪಸ್ ಬಂದಿವೆ. ಆದ್ರೆ ಕೆಲವು ತಿದ್ದೋಕೆ ಮುಂಚಿನವು ಬಂದಿವೆ, ತಿದ್ದಿದ್ದು ಬೇರೆಲ್ಲೋ ಕೂತಿದೆ, ನಾನು ಹುಡುಕ್ತೀನಿ. ಅಲ್ಲೀವರೆಗೆ ಪ್ರೂಫ್ ಜೊತೆ ತಾಳೆ ನೋಡದೆ ಯಾವುದನ್ನೂ ಮಷಿನ್ನಿಗೆ ಹಾಕ್ಬೇಡಿ.” ಹೂಂ ಎಂದೆ. ಹೂಂ ಎನ್ನುವುದಕ್ಕೆ ಕೇಳಿಸಿಕೊಂಡಿರಲೇಬೇಕು ಎಂದೇನೂ ಇಲ್ಲ.

ಮರುದಿನ ಅವಳು ಕಾಗದ ತರಲು ಮೈಸೂರಿಗೆ ಹೋದಳು. ಸ್ನೇಹಿತ ಫೋನು ಮಾಡಿ, ಸೋಮವಾರ ಮನೆದೇವರ ಮುಂದೆ ಮೊದಲ ಕಾರ್ಡು ಇಡಬೇಕು, ಸಂಜೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದ. ಸೊಸೆ ಬರಲಿ ಎನ್ನಬಹುದಿತ್ತು. ಆದರೆ ಮಷಿನ್ನು ಓಡಿಸುವುದು ನಾನು ಮರೆಯದ ಒಂದೇ ಕೆಲಸ, ಅದನ್ನಾದರೂ ಕೇಳದೆ ಮಾಡೋಣ ಅನ್ನಿಸಿತು. ಅವನ ಕಾರ್ಡು ತೆರೆದೆ, ಪ್ರಿಂಟರಿನಲ್ಲಿ ಮಾದರಿ ಹಾಳೆ ತೆಗೆದೆ, ಹಿಂದಿನ ಕೋಣೆಗೆ ಹೋಗಿ ಅದನ್ನು ಅಚ್ಚಿಗೆ ಹಾಕಿದೆ. ಮಷಿನ್ನಿನ ಲಯಕ್ಕೆ ತಲೆದೂಗುತ್ತಾ ನಿಂತಿದ್ದೆ. ಮುಗಿಯುತ್ತಾ ಬಂದಾಗ ಒಂದು ಕಾರ್ಡು ಕೈಗೆತ್ತಿಕೊಂಡು ನೋಡಿದೆ. ಪಟ್ಟಿಯಲ್ಲಿ ಸ್ನೇಹಿತನ ಹೆಸರಿತ್ತು, ಅವನ ಹೆಂಡತಿಯ ಹೆಸರಿತ್ತು, ಅದರ ಕೆಳಗೆ ಸೋದರಮಾವಂದಿರು. ತಮ್ಮ ಇರಲಿಲ್ಲ.

ಇಲ್ಲಿಯವರೆಗಿನ ತಪ್ಪನ್ನು ಬೇಕಾದರೆ ಲ್ಯಾಪ್‌ಟಾಪಿನ ಜೊತೆ ಹಂಚಿಕೊಳ್ಳಬಹುದು. ಮುಂದಿನದು ಪೂರ್ತಿ ನನ್ನದು. ಕಾರ್ಡುಗಳನ್ನು ಗುಡ್ಡೆ ಹಾಕಿ ನೋಡುತ್ತಾ ಕೂತೆ. ಅವನು ಆರಿಸಿದ್ದ ಗಣಪತಿ ಚಿತ್ರದ ಖಾಲಿ ಕಾರ್ಡು ಅಂಗಡಿಯಲ್ಲಿ ಉಳಿದಿದ್ದದ್ದು ಅಷ್ಟೇ, ಮತ್ತೆ ತರಿಸಬೇಕು, ಸೊಸೆಗೆ ಹೇಳಬೇಕು, ತಾಳೆ ನೋಡಿದಿರಾ ಮಾವ ಎಂದು ಅವಳು ಕೇಳುತ್ತಾಳೆ. ಲಗ್ನಪತ್ರಿಕೆಯನ್ನು ಯಾರು ಓದುತ್ತಾರೆ, ಛತ್ರ ಯಾವುದು, ಊಟ ಎಷ್ಟು ಹೊತ್ತಿಗೆ ಎಂದು ನೋಡಿ ಟಿವಿಯ ಹಿಂದೆ ಸಿಕ್ಕಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಜೀವನವೆಲ್ಲ ಲಗ್ನಪತ್ರಿಕೆ ಅಚ್ಚು ಹಾಕಿದವನು ಈ ಮಾತನ್ನು ನಂಬಿದೆ. ಸಂಜೆ ಸ್ನೇಹಿತ ಬಂದ. ಕನ್ನಡಕ ಮರೆತು ಬಂದಿದ್ದ. “ನೀನ್ ನೋಡಿದ್ದೀಯಲ್ಲ, ಸಾಕು ಬುಡು” ಎಂದು ಕಟ್ಟು ಎತ್ತಿಕೊಂಡು ಹೋದ.

ಸೋಮವಾರ ದೇವರ ಮುಂದಿಟ್ಟ ಮೇಲೆ ಮನುಷ್ಯರ ಪೈಕಿ ಮೊದಲ ಕಾರ್ಡನ್ನು ತಮ್ಮನಿಗೇ ಕೊಡಬೇಕೆಂದು ಅವನು ಟಿ. ನರಸೀಪುರಕ್ಕೆ ಹೊರಟ. ತಟ್ಟೆ, ತೆಂಗಿನಕಾಯಿ, ವೀಳ್ಯ, ಬಾಳೆಹಣ್ಣು, ಕಾರ್ಡಿನ ಕಟ್ಟು, ಎಲ್ಲ ಬ್ಯಾಗಿನಲ್ಲಿ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ತಮ್ಮ ಅಣ್ಣನನ್ನು ಕಂಡು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತನಂತೆ, ಕುರ್ಚಿ ಎಳೆದು ಹಾಕಿದನಂತೆ. ಕಾರ್ಡು ಬಿಚ್ಚಿ, ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಹೋಗಿ, ಹಿಂದೆ ತಿರುಗಿಸಿ ನೋಡಿ, ಮತ್ತೆ ಮಡಿಸಿ ತಟ್ಟೆಯಲ್ಲೇ ಇಟ್ಟನಂತೆ.

“ಕಾರ್ಡು ಚೆಂದಾಗದೆ ಕಣಣ್ಣ. ಊರೋರ್ ಮದ್ವೆ ಅಂದ್ಮೇಲೆ ಬರ್ದಿರಕ್ ಆಯ್ತದಾ? ಬತ್ತೀನಿ, ಊಟದೊತ್ಗೆ.”

ಸ್ನೇಹಿತ ಮುಂದಿನ ಬಸ್ಸು ಹತ್ತಿ ಊರಿಗೆ ಹೋಗಲಿಲ್ಲ, ನೇರ ನಂಜನಗೂಡಿಗೆ ಬಂದ. ಅಂಗಡಿಯಲ್ಲಿ ಸೊಸೆ ಕಾರ್ಡಿನ ಅಂಚು ಕತ್ತರಿಸುತ್ತಿದ್ದಳು. ಅವನು ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿದ.

“ಎಲ್ಲೋದ್ನ್ಲಾ ನನ್ ತಮ್ಮ? ನಿನ್ ಪೆನ್ನಲ್ಲೇ ಬರ್ಕೊಟ್ಟಿದ್ನಲ್ಲೋ. ಏಳು, ಎಲ್ಲೋದ?”

ನಾನು ಬಾಯಿ ತೆರೆದಾಗ ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. “ನಾನೇನ್ ಮಾಡ್ಲಿ ಏಳ್ಲಾ. ಸೊಸೆ ಅದೇನೋ ಅಪ್‌ಡೇಟ್ ಅನ್ನೋದ ಒತ್ಬುಟ್ಳು. ತಿದ್ದಿದ್ದೆಲ್ಲ ಒಂಟೋಯ್ತು, ಅಳೇದು ಬಂದು ಕೂತ್ಕಂತು.”

ಕತ್ತರಿಸುವ ಸದ್ದು ನಿಂತಿತು. ಅವಳು ನನ್ನ ಕಡೆ ನೋಡಿದಳು. ಕೋಪವಿರಲಿಲ್ಲ. ಎಲ್ಲ ಕನ್ನಡವೂ ಕೊಕ್ಕೆ ಚುಕ್ಕೆಯಾಗಿದ್ದ ದಿನ ಪರದೆಯನ್ನು ನೋಡಿದ್ದಳಲ್ಲ, ಹಾಗೆ.

ಸ್ನೇಹಿತ ಅವಳತ್ತ ತಿರುಗಿದ. “ಓದಿರೋಳು ಕಣವ್ವ ನೀನು. ಒಂದ್ ಎಸ್ರು ಉಳಿಸ್ಕಳಕ್ ಆಗ್ನಿಲ್ವಾ ನಿನ್ ಕೈಲಿ? ಒಂದ್ ಎಸ್ರು?”

“ತಪ್ಪಾಯ್ತು” ಎಂದಳು. “ಕಾರ್ಡು ಬೇರೆ ಹಾಕಿಕೊಡ್ತೀನಿ. ಅವರ ಮನೆಗೆ ನಾನೇ ಹೋಗಿ ಹೇಳ್ತೀನಿ.”

ತಡೆಯಬಹುದಿತ್ತು. ನಾನು ಸ್ನೇಹಿತನಿಗೆ ಟೀ ತರಿಸಿದೆ.

ಅವಳು ಆ ದಿನವೇ ತಿದ್ದಿದ ಕಾರ್ಡನ್ನು ಎಲ್ಲಿಂದಲೋ ಹುಡುಕಿ ತೆಗೆದು, ಬೇರೆ ಚಿತ್ರದ ಕಾರ್ಡಿನ ಮೇಲೆ ಅಚ್ಚು ಹಾಕಿಸಿದಳು. ಮರುದಿನ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಟಿ. ನರಸೀಪುರದ ಬಸ್ಸು ಹತ್ತಿದಳು. ಸಂಜೆ ಬಂದು, “ಹೇಳಿದೀನಿ ಮಾವ” ಎಂದಷ್ಟೇ ಹೇಳಿ ಒಳಗೆ ಹೋದಳು. ನಾನೂ ಕೇಳಲಿಲ್ಲ.

ಮದುವೆಯ ದಿನ ಛತ್ರದ ಬಾಗಿಲಲ್ಲಿ ಸ್ನೇಹಿತ ಬಂದವರಿಗೆಲ್ಲ ಕೈಮುಗಿಯುತ್ತಿದ್ದ. ಕಣ್ಣು ಮಾತ್ರ ರಸ್ತೆಯ ಕಡೆಗಿತ್ತು. ಮುಹೂರ್ತಕ್ಕೆ ಬಹಳ ಮುಂಚೆಯೇ ತಮ್ಮ ಹೆಂಡತಿ ಮಕ್ಕಳ ಜೊತೆ ಬಂದಿಳಿದ. ಅಣ್ಣನ ಮುಂದೆ ನಿಂತು, “ಏನಣ್ಣ, ಮನೆಯೋರು ಯಾವ್ ಕಡೆ ಕೂತ್ಕಬೇಕು?” ಎಂದ. ಸ್ನೇಹಿತ ತಮ್ಮನ ಭುಜದ ಟವಲ್ ಎಳೆದುಕೊಂಡು ಅದರಲ್ಲೇ ಮುಖ ಒರೆಸಿಕೊಂಡ. ಧಾರೆಯ ಹೊತ್ತಿಗೆ ಇಬ್ಬರೂ ಒಟ್ಟಿಗೆ ನಿಂತಿದ್ದರು.

ಊಟದ ಪಂಕ್ತಿಯಲ್ಲಿ ಆ ತಮ್ಮ ನನ್ನ ಪಕ್ಕದಲ್ಲೇ ಬಂದು ಕೂತ.

“ನಿಮ್ ಸೊಸೆ ಬಲು ಗಟ್ಟಿಗಿತ್ತಿ ಕಣ್ರೀ. ಅಂಗ್ಡೀಲಿ ಗಿರಾಕಿಗಳು ತುಂಬವ್ರೆ, ಎಲ್ಲಾರ್ ಮುಂದೂ ಕೈ ಮುಗ್ಕಂಡು ‘ನಿಮ್ಮ ಹೆಸರು ಬಿಟ್ಟಿದ್ದು ನಾನು, ನಿಮ್ಮಣ್ಣ ಅಲ್ಲ’ ಅಂತು. ಬಾಯಿಗ್ ಬಂದಂಗ್ ಬೈದೆ. ನಿಂತ್ಕಂಡ್ ಬೈಸ್ಕಂಡು, ಒಂದ್ ಲೋಟ ನೀರ್ ಕೇಳಿ ಕುಡ್ದು, ಆ ಪೆಟ್ಗೆ ತಗ್ದು ಎರಡು ಕಾರ್ಡೂ ತೋರ್ಸ್ತು. ನಮ್ಮಣ್ಣ ಎಸ್ರು ಬರೆಸಿದ್ದು, ಆಮೇಲೆ ಆ ಅಪ್‌ಡೇಟ್ ನುಂಗಿದ್ದು. ‘ತಪ್ಪು ನಂದು, ಶಿಕ್ಷೆ ಅವರಿಗೆ ಕೊಡ್ಬೇಡಿ’ ಅಂತು. ಇನ್ನೇನ್ ಮಾಡದು? ಆದ್ರೂ ಯಜಮಾನ್ರೆ, ಇನ್ಮೇಲೆ ಆ ಯಮ್ಮನ್ ಕೈಗೆ ಬುಡ್ಬೇಡಿ, ನೀವೇ ನೋಡ್ಕಳಿ.”

“ನೋಡ್ಕತೀನಿ” ಎಂದೆ. ಹೋಳಿಗೆ ಬಂತು. ತುಪ್ಪ ಹಾಕಿಸಿಕೊಂಡೆ. ಕೈ ತೊಳೆದು ಬಂದಾಗ ಸ್ನೇಹಿತ ಎಲ್ಲರೆದುರಿಗೆ ನನಗೆ ಶಾಲು ಹೊದಿಸಿದ. ಸೊಸೆಯನ್ನು ಕಳಿಸಿ ಮುರಿದ ಮನೆ ಕೂಡಿಸಿದ ಪುಣ್ಯಾತ್ಮ ಎಂದ. ಶಾಲು ಹೊದ್ದ ನನ್ನನ್ನು ಫೋಟೋದವನು ಎರಡು ಕಡೆಯಿಂದ ತೆಗೆದ.

ಆ ವರ್ಷದ ಗಿರಾಕಿಗಳೆಲ್ಲ ಒಂದೇ ಮಾತು ಹೇಳಿದರು: ಸಾ, ನಮ್ದು ನೀವೇ ನೋಡಿ, ಸೊಸೆ ಕೈಗೆ ಕೊಡ್ಬೇಡಿ. ಅದನ್ನು ಅವಳ ಎದುರಿಗೇ ಹೇಳುತ್ತಿದ್ದರು. ನಾನು ಗಂಭೀರವಾಗಿ ಪ್ರೂಫ್ ತೆಗೆದುಕೊಂಡು, ಅವರು ಹೋದ ಮೇಲೆ ಅವಳಿಗೆ ಕೊಡುತ್ತಿದ್ದೆ. ಅವಳು ನೋಡುತ್ತಿದ್ದಳು. ಅಂಗಡಿಯನ್ನು ಅವಳ ಹೆಸರಿಗೆ ಮಾಡಿ ಹೊಸ ಬೋರ್ಡು ಹಾಕಿಸೋಣ ಎಂದು ಮಗ ಹೇಳಿದಾಗ, ಜನ ಮರೆಯಲಿ, ಸ್ವಲ್ಪ ದಿನ ಹೋಗಲಿ ಎಂದವನೂ ನಾನೇ. ಅವಳಿಗೆ ಅದೂ ಕೇಳಿಸಿತ್ತು.

ಒಂದು ದಿನ ಸುಮ್ಮನೆ ಕೇಳುವವನಂತೆ, “ಅದೇನವ್ವ, ಅಪ್‌ಡೇಟ್ ಯಾವಾಗ ಆಯ್ತು ಅಂತ ಲ್ಯಾಪ್‌ಟಾಪಲ್ಲಿ ಗೊತ್ತಾಗುತ್ತಾ?” ಎಂದೆ.

“ಆಗುತ್ತೆ ಮಾವ. ತಾರೀಕು, ಟೈಮು ಎಲ್ಲ ಇರುತ್ತೆ” ಎಂದಳು. ಆ ತಾರೀಕಿಗೆ ಅವಳು ಹೆಡತಲೆಯಲ್ಲಿ ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಟಿ. ನರಸೀಪುರದ ಅಂಗಡಿಯಲ್ಲಿ ಅದನ್ನೂ ತೋರಿಸಬಹುದಿತ್ತು.

ಸ್ನೇಹಿತನಿಗೆ ಹೋದ ವರ್ಷ ಎಲ್ಲ ಹೇಳಿದೆ. ಅವನು ನನ್ನ ಬೆನ್ನಿಗೆ ಒಂದು ಗುದ್ದಿ, “ಮುದ್ಕ ಆಗಿದ್ದೀಯಾ, ಓಗ್ಲಿ ಬುಡು” ಎಂದ. ಟಿ. ನರಸೀಪುರಕ್ಕೆ ಹೋಗಿ ಅವನ ತಮ್ಮನಿಗೂ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕು, ಟೊಮೇಟೊ ಬೀಜದ ಪೊಟ್ಟಣ ಕೊಟ್ಟು ಕಳಿಸಿದ. ನಗುವವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ.

ಹೋದ ವಾರ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೇಳಿಯೇಬಿಡುವುದೆಂದು ಎದ್ದು ಹೋಗಿ ಅವಳ ಮೇಜಿನ ಪಕ್ಕ ನಿಂತೆ. “ಅವ್ವಾ” ಎಂದೆ. ಆಮೇಲೆ ಪ್ರಿಂಟರಿನ ಕಡೆ ನೋಡಿದೆ.

ಅವಳು ಪರದೆಯಿಂದ ಕಣ್ಣು ತೆಗೆದು, “ಏನ್ ಮಾವ, ಪ್ರಿಂಟರ್ ನಿಂತೋಯ್ತಾ?” ಎಂದಳು.

“ಹೂಂ” ಎಂದೆ.

ಅವಳು ಎದ್ದು ಬಂದು, ಚೆನ್ನಾಗಿಯೇ ಇದ್ದ ಪ್ರಿಂಟರಿನ ಮುಚ್ಚಳ ತೆಗೆದು, ಒಳಗೆ ಬಗ್ಗಿ ನೋಡಿದಳು. ಏನೂ ಆಗಿರಲಿಲ್ಲ. ಆದರೂ ಒಂದು ಬಟ್ಟೆಯಲ್ಲಿ ಒರೆಸಿ, ಮುಚ್ಚಿ, “ಸರಿಯಾಯ್ತು ಮಾವ” ಎಂದು ಹೇಳಿ ತನ್ನ ಜಾಗಕ್ಕೆ ಹೋದಳು. ನಾನು ಇಂದಿಗೂ ಕ್ಷಮೆ ಕೇಳದೇ ಇರುವುದು ಅವಳೊಬ್ಬಳನ್ನೇ, ನನ್ನ ಸೊಸೆಯನ್ನು.